ಆರ್ದ್ರಾ ನಕ್ಷತ್ರ ಮತ್ತು ಮೆರೂನ್ ಲಡಿ

ಶನಿವಾರ ಪಾಳಿ ಬಿಡುವ ಹೊತ್ತಿಗೆ ರಂಗಿನ ಮಾಸ್ತರ ಸಿದ್ಧರಾಮ ಮೆರೂನ್ ನೂಲಿನ ಲಡಿಯೊಂದನ್ನು ಸಾತವ್ವನ ಮೇಜಿನ ಮೇಲೆ ಎಸೆದ.

"ಇದು ನೀನ ಪಾಸ್ ಮಾಡಿದ್ದು. ಪಾರ್ಟಿ ಇಡೀ ಮಾಲು ವಾಪಸ್ ಕಳಿಸ್ಯಾನ. ಕಣ್ಣು ಹೋದವೇನವಾ?"

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ಲಿನ ನೂಲಿಗೆ ಬಣ್ಣ ಹಾಕುವ ಆ ಕಾರಖಾನೆಯಲ್ಲಿ ಸಾತವ್ವನದು ಕಣ್ಣಿನ ಕೆಲಸ. ಬಣ್ಣವಾಗಿ ಒಣಗಿ ಬಂದ ಲಡಿಯನ್ನು ಪಾರ್ಟಿ, ಅಂದರೆ ಮಾಲು ಕೊಳ್ಳುವವನು, ಕೊಟ್ಟ ನಮೂನೆಯ ಪಕ್ಕಕ್ಕೆ ಹಿಡಿದು ನೋಡಬೇಕು. ಕೂಡಿದರೆ ಮುಂದಕ್ಕೆ, ಕೂಡದಿದ್ದರೆ ಹಿಂದಕ್ಕೆ. ಮೊದಲು ಅವಳೂ ಹಸಿ ಲಡಿ ಹೊರುತ್ತಿದ್ದಳು. ಹೊತ್ತು ಹೊತ್ತು ಸೊಂಟ ಹೋದ ಮೇಲೆ, ಕಣ್ಣು ಚುರುಕಿದೆಯೆಂದು ಈ ಮೇಜು ಸಿಕ್ಕಿತ್ತು.

"ಸೋಮವಾರ ನಿನ್ನ ಪರೀಕ್ಷಾಕ ಲಡಿ ಸಾಲು ಹಚ್ಚತೀನಿ," ಎಂದ ಮಾಸ್ತರ. "ಎರಡು ತಪ್ಪಿದ್ರ ಮತ್ತ ಹೊರಾಕ ಹೋಗು."

ಹೊರುವುದು ಅವಳಿಂದ ಆಗದ ಮಾತು. ಅದು ಅವನಿಗೂ ಗೊತ್ತಿತ್ತು.

ವಳಸಂಗ ಊರಿನ ತನ್ನ ಮನೆಯಲ್ಲಿ ಅವಳು ಇದನ್ನು ಹೇಳಲಿಲ್ಲ. ಭಾನುವಾರ ಕತ್ತಲಾಗುತ್ತಲೇ ಮಗಳು ಯೋಗಿತಾ ಮಾಳಿಗೆಗೆ ಕರೆದಳು. ಅಕ್ಕಲಕೋಟದ ಸಾಲಿ ಮಾಸ್ತರರೊಬ್ಬರು ನಡೆಸುವ ಆಕಾಶ ನೋಡುವವರ ಗುಂಪಿನಲ್ಲಿ ಯೋಗಿತಾ ಇದ್ದಳು. ಆ ಚಳಿಗಾಲ ಅವರು ಬೆನ್ನು ಹತ್ತಿದ್ದು ಕೆಂಪಗಿನ ಆರ್ದ್ರಾ ನಕ್ಷತ್ರವನ್ನು. ಅದರ ಬೆಳಕು ಒಂದೇ ಸಮ ಇರುವುದಿಲ್ಲ. ಕೆಲವು ತಿಂಗಳು ಏರುತ್ತದೆ, ಕೆಲವು ತಿಂಗಳು ಇಳಿಯುತ್ತದೆ. ಅದನ್ನು ಅಳೆಯಲು ಯಂತ್ರವೇ ಬೇಕೆಂದಿಲ್ಲ. ಅದಕ್ಕಿಂತ ಜೋರಾಗಿ ಬೆಳಗುವ ಪ್ರಶ್ವಾ ನಕ್ಷತ್ರ ಒಂದು ಕಡೆ, ಮಂದವಾದ ರೋಹಿಣಿ ಇನ್ನೊಂದು ಕಡೆ. ಈ ಎರಡರ ನಡುವೆ ಆರ್ದ್ರಾ ಯಾವ ಕಡೆ ಎಷ್ಟು ವಾಲಿದೆ ಎಂದು ಕಣ್ಣಿನಿಂದಲೇ ಅಂದಾಜು ಮಾಡಬೇಕು. ತಾಯಿಗೆ ಇದು ಸಹಜವಾಗಿ ಒಲಿದಿತ್ತು.

"ಹೇಳವ್ವಾ."

ಸಾತವ್ವ ಬಹಳ ಹೊತ್ತು ನೋಡಿದಳು. "ಪ್ರಶ್ವಾಕ್ಕಿಂತ ಜೋರ ಅದ."

ಯೋಗಿತಾ ನಕ್ಕಳು. "ಗುಂಪಿನಾಗ ಎಲ್ಲಾರೂ ನಟ್ಟನಡುವ ಅಂತಾರ. ನೀನೊಬ್ಬಾಕಿ ಅದಕ್ಕ ಹೊಸಾ ಬಲ್ಬ್ ಹಾಕೀದಿ ನೋಡು."

ಸಾತವ್ವನಿಗೆ ನಗು ಬರಲಿಲ್ಲ. ಮೊದಲು ಪಾರ್ಟಿಯವನು, ಈಗ ಆಕಾಶ. ಎರಡೂ ಕಡೆಯಿಂದ ಒಂದೇ ಮಾತು: ನಿನ್ನ ಕಣ್ಣು ಹೋದವು.

"ಹಂಗಾರ ನಡುವ ಅಂತ ಬರಿ," ಎಂದಳು.

"ಅದ್ಹೆಂಗ ಬರೀಲಿ? ಕಂಡದ್ದು ಬರೀಬೇಕು. ನೀ ಹೆಂಗ ನೋಡಾಕತ್ತಿ, ತೋರ್ಸು."

ಸಾತವ್ವ ರೆಪ್ಪೆ ಬಡಿಯದೆ ಆರ್ದ್ರಾವನ್ನೇ ದಿಟ್ಟಿಸಿ ತೋರಿಸಿದಳು.

"ಹಂಗ ನೋಡಬಾರದು. ಕೆಂಪ ಚುಕ್ಕಿ ದಿಟ್ಟಿಸಿದಷ್ಟೂ ಜೋರ ಕಾಣತದ ಅಂತ ಸರ್ ಹೇಳ್ಯಾರ. ಕಣ್ಣು ಹಾಯಿಸಿ ತಗೀಬೇಕು. ಮೊದಲ ಹಂಗ ನೋಡ್ತಿದ್ದಿ, ಈಗೇನಾತು?"

"ಈಗ ಅಂಜಿಕಿ ಬರ್ತದ," ಎಂದಳು ಸಾತವ್ವ. ಆಮೇಲೆ ಲಡಿಯ ಸಂಗತಿ ಹೊರಬಂತು.

ಹೇಳುತ್ತ ಹೇಳುತ್ತ ಅವಳಿಗೇ ನೆನಪಾಯಿತು. ದೀಪಾವಳಿಯ ಮುಂದೆ ಕಾರಖಾನೆಯಲ್ಲಿ ಸಿದ್ಧರಾಮ ಒಮ್ಮೆ ಎಲ್ಲರೆದುರು ಬೈದಿದ್ದ. ಅಂದಿನಿಂದ ಅವಳು ತಪ್ಪಬಾರದೆಂದು ಪ್ರತಿ ಲಡಿಯನ್ನೂ ಕಣ್ಣು ಉರಿಯುವವರೆಗೆ ನೋಡುತ್ತಿದ್ದಳು. ನೋಡಿದಷ್ಟೂ ಎಲ್ಲ ಮೆರೂನೂ ಒಂದೇ ಆಗುತ್ತಿತ್ತು.

ರೋಹಿಣಿಯತ್ತ ಹೊರಳಿದಳು. ಆರ್ದ್ರಾದ ಮೇಲೆ ಕಣ್ಣು ಹಾಯಿಸಿ, ನಿಲ್ಲದೆ ಪ್ರಶ್ವಾಕ್ಕೆ ಹೋದಳು. ಮತ್ತೊಮ್ಮೆ ಹಾಗೆಯೇ ಮಾಡಿದಳು.

"ನಡುವ," ಎಂದಳು ಮೆಲ್ಲಗೆ. "ರೋಹಿಣಿ ಕಡಿಗೆ ಒಂಚೂರು."

ಸೋಮವಾರ ಮಾಸ್ತರ ಮೆರೂನ್ ಲಡಿಗಳ ಸಾಲು ಹಚ್ಚಿದ. ಪ್ರತಿ ಲಡಿಯ ಸರಿಯುತ್ತರ ಬರೆದ ಚೀಟಿಗಳು ಅವನ ಕಿಸೆಯಲ್ಲಿದ್ದವು. ಹೊರುವ ಹೆಂಗಸರು ಬುಟ್ಟಿ ಇಳಿಸಿ ನಿಂತರು. ಸಾತವ್ವ ಕಣ್ಣು ಹಾಯಿಸಿ ತೆಗೆದಳು: ಪಾಸ್, ವಾಪಸ್, ಪಾಸ್. ನಾಲ್ಕನೆಯದಕ್ಕೂ ಪಾಸ್ ಎಂದಳು.

ಸಿದ್ಧರಾಮ ಚೀಟಿ ನೋಡಿದ. "ಒಂದು ತಪ್ಪಾತು."

ಮುಂದಿನವು ಸರಿಹೋದವು. ಕೊನೆಯ ಲಡಿ ಒಮ್ಮೆ ಕೂಡಿದಂತೆ, ಇನ್ನೊಮ್ಮೆ ಕೂಡದಂತೆ ಕಂಡಿತು. ದಿಟ್ಟಿಸಬೇಕೆಂದು ಕಣ್ಣು ಎಳೆಯುತ್ತಿತ್ತು. ಅವಳು ಮುಖ ತಿರುಗಿಸಿ ಸಿಮೆಂಟಿನ ಗೋಡೆ ನೋಡಿದಳು.

"ಏನವಾ, ಗ್ವಾಡಿ ಪಾಸೋ ವಾಪಸೋ?" ಎಂದ ಮಾಸ್ತರ. ಒಬ್ಬಳು ಕಿಸಕ್ಕೆಂದಳು.

"ಒಂದ ನಮೂನಿ ಮ್ಯಾಲ ಇದನ್ನ ಹೇಳಾಕ ಬರಂಗಿಲ್ರೀ. ನಮೂನಿಗಿಂತ ತುಸು ಗಾಢ ಒಂದು, ತುಸು ತಿಳಿ ಒಂದು ಕೊಡ್ರಿ. ನಡುವ ಇಟ್ಟು ಹೇಳತೀನಿ."

"ಈಗ ಹೊಸಾ ಕಾಯ್ದೆ ಬಂತೇನು?"

"ತಪ್ಪಿದ್ರ ಹೊರಾಕ ಹೋಗತೀನ್ರಿ."

ಅವನು ಅವಳ ಮುಖವನ್ನೊಮ್ಮೆ ನೋಡಿ, ಕಪಾಟಿನಿಂದ ಎರಡು ಲಡಿ ತಂದು ಕೊಟ್ಟ. ಅವಳು ಗಾಢದ್ದನ್ನು ಎಡಕ್ಕೆ, ತಿಳಿ ಬಣ್ಣದ್ದನ್ನು ಬಲಕ್ಕೆ ಇಟ್ಟು, ನಡುವೆ ನಮೂನೆ, ಅದರ ಕೆಳಗೆ ಈ ಲಡಿ ಇಟ್ಟಳು. ಕಣ್ಣನ್ನು ಎಲ್ಲೂ ನಿಲ್ಲಿಸದೆ ಆಚೆಯಿಂದ ಈಚೆಗೆ ಹಾಯಿಸಿದಳು.

"ನಮೂನಿ ನಟ್ಟನಡುವ ಅದ. ಇದು ತಿಳಿ ಕಡಿಗೆ ವಾಲ್ಯದ. ವಾಪಸ್."

ಸಿದ್ಧರಾಮ ಕೊನೆಯ ಚೀಟಿ ಬಿಚ್ಚಿದ. ಅದನ್ನು ಜೋರಾಗಿ ಓದಲಿಲ್ಲ, 'ವಾಪಸ್' ಎಂದು ಬರೆದದ್ದು ಕಾಣುವಂತೆ ಮೇಜಿನ ಮೇಲಿಟ್ಟ. ಪಾರ್ಟಿ ವಾಪಸ್ ಕಳಿಸಿದ ಮಾಲಿನದೇ ಲಡಿ ಅದು; ಶನಿವಾರ ಅವನು ಎಸೆದದ್ದು.

"ಬಸ್, ಝಾಲಂ, ಮುಗೀತು," ಎಂದು ಹೆಂಗಸರತ್ತ ಕೈಬೀಸಿದ. "ಕೆಲಸಕ್ಕ ನಡೀರಿ."

ಗಾಢ, ತಿಳಿ ಎರಡೂ ಲಡಿಗಳನ್ನು ಅವನು ಕಪಾಟಿಗೆ ತಿರುಗಿ ಒಯ್ಯಲಿಲ್ಲ, ಅವಳ ಮೇಜಿನ ಮೇಲೆಯೇ ಬಿಟ್ಟ. ಸಾತವ್ವ ಸ್ಟೂಲಿನ ಮೇಲೆ ಕೂತಳು. ಆ ಎರಡರ ನಡುವೆ ನಮೂನೆ ಸರಿಪಡಿಸಿಟ್ಟು, ಮುಂದಿನ ಲಡಿ ಎತ್ತಿಕೊಂಡಳು.