ಐವತ್ತೇಳು ಕಿಲೋ ವಿಭಾಗದ ಸೀಟು

ಕಳೆದ ವಾರ ಮಸ್ಕತ್ತಿನ ಹತ್ತಿರದ ಅಲ್ ಅಮೇರಾತಿನಲ್ಲಿ ನಮ್ಮ ಬೀದಿಯ ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದಾಗ ಯಾರದೋ ಕೈಯಿಂದ ಸಾಸಿವೆ ಎಣ್ಣೆಯ ಬಾಟಲಿ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಸುತ್ತಲಿದ್ದವರು, ಅದರಲ್ಲೂ ಕರಾವಳಿಯ ನಮ್ಮವರು, ಮೂಗು ಮುಚ್ಚಿಕೊಂಡು ಸಾಬೂನಿನ ಸಾಲಿಗೆ ವಲಸೆ ಹೋದರು. ತೆಂಗಿನೆಣ್ಣೆಯಲ್ಲೇ ಹುಟ್ಟಿ ಬೆಳೆದ ಮೂಗುಗಳಿಗೆ ಆ ಘಾಟು ಒಂದು ಅಪರಾಧ. ನಾನೊಬ್ಬ ಮಾತ್ರ ಗರ್ಭಗುಡಿಯ ಎದುರು ನಿಂತವನಂತೆ ಅರೆಗಣ್ಣು ಮುಚ್ಚಿ ಅಲ್ಲೇ ನಿಂತೆ. ನೆಲ ಒರೆಸಲು ಬಂದ ಬಂಗಾಲಿ, "ಅಂಕಲ್, ತಬಿಯತ್ ಠೀಕ್ ಹೈ?" ಎಂದು ಕಳವಳದಿಂದ ಕೇಳಿದ. ತಬಿಯತ್ತು ಚೆನ್ನಾಗಿಯೇ ಇತ್ತು. ಅದು ಆ ಹೊತ್ತಿಗೆ ಸುಮ್ಮನೆ ಮೂವತ್ತು ಚಿಲ್ಲರೆ ವರ್ಷ ಹಿಂದಕ್ಕೆ, ಸುವೈಕ್‌ನ ಸಮುದ್ರ ದಂಡೆಗೆ ಹೋಗಿ ಕುಳಿತಿತ್ತು.

ಆ ಕಾಲದಲ್ಲಿ ನಾನು ಒಮಾನಿನ ಕರಾವಳಿಯ ಸುವೈಕ್‌ನಲ್ಲಿ ಕಟ್ಟಡ ಸಾಮಗ್ರಿ ಮಾರುವ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಹುದ್ದೆ ದೊಡ್ಡದಲ್ಲ, ಆದರೆ ನನ್ನ ಸಹಿ ಇಲ್ಲದೆ ಒಂದು ಮೊಳೆಯೂ ಗೋದಾಮಿನಿಂದ ಹೊರಗೆ ಹೋಗುವಂತಿರಲಿಲ್ಲ. ಆ ಅಧಿಕಾರವನ್ನು ನಾನು ಸಣ್ಣ ಸಂಸ್ಥಾನದ ದಿವಾನನ ಗಾಂಭೀರ್ಯದಿಂದ ಚಲಾಯಿಸುತ್ತಿದ್ದೆ. ಮನೆಯಲ್ಲಿ ಹೆಂಡತಿ ಸರೋಜ, ಮಗ ಯತೀಶ. ನಮ್ಮ ಮನೆಮಾತು ತುಳು. ನಿಮ್ಮ ಅನುಕೂಲಕ್ಕಾಗಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಸರೋಜಳ ಬೈಗುಳಗಳು ಈ ಅನುವಾದದಲ್ಲಿ ಅರ್ಧಕ್ಕರ್ಧ ಖಾರ ಕಳೆದುಕೊಂಡಿವೆ ಎಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಯತೀಶನಿಗೆ ಆಗ ಹದಿಮೂರು. ಶುಕ್ರವಾರ ಸಂಜೆ ತಂದೂರಿ ಅಂಗಡಿಯಿಂದ ರೊಟ್ಟಿ ತರಲು ಹೋದವನು ರೊಟ್ಟಿ ತಣ್ಣಗಾದ ಮೇಲೆ ಬರತೊಡಗಿದ. ಅಪರಾಧವನ್ನು ಪತ್ತೆ ಮಾಡಿದ್ದು ಅವನ ತಾಯಿಯ ಮೂಗು.

"ಎಂತದಾ ಇದು ವಾಸನೆ? ಮೈಗೆ ಎಂತ ಹಾಕಿಕೊಂಡು ಬಂದದ್ದು ನೀನು?"

"ಆಯಿಲ್ ಅಮ್ಮ."

"ಯಾವ ಆಯಿಲ್? ಲಾರಿಯದ್ದಾ?"

ವಿಚಾರಣೆಯಲ್ಲಿ ಸತ್ಯ ಹೊರಬಂತು. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಸಮುದ್ರ ದಂಡೆಯಲ್ಲಿ ಪಾಕಿಸ್ತಾನದ ಗಾರೆಯವರು, ಬಡಗಿಗಳು, ಲಾರಿ ಚಾಲಕರು ಸೇರಿ ಮೈಗೆ ಸಾಸಿವೆ ಎಣ್ಣೆ ತಿಕ್ಕಿಕೊಂಡು ಕುಸ್ತಿ ಆಡುತ್ತಿದ್ದರು. ತಂದೂರಿಯಲ್ಲಿ ರೊಟ್ಟಿ ಬಡಿಯುವ ರಫೀಕನೇ ಅವರ ಉಸ್ತಾದ್. ರೊಟ್ಟಿಯ ಹಿಟ್ಟನ್ನೂ ಶಿಷ್ಯರನ್ನೂ ಆತ ಒಂದೇ ರೀತಿಯಲ್ಲಿ ನಾದುತ್ತಿದ್ದ. ಮಗನನ್ನು ಬಿಡಿಸಿ ತರಲೆಂದು ನಾನು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ದಂಡೆಗೆ ಹೋದೆ. ಹೋದವನು ಕತ್ತಲಾಗುವವರೆಗೆ ನೋಡುತ್ತ ಕುಳಿತೆ. ನನ್ನ ಮಗ, ಮನೆಯಲ್ಲಿ ಕೂತಲ್ಲಿ ಕೂರದೆ ಲೋಟ ಬಟ್ಟಲು ಉರುಳಿಸುವವನು, ಆ ಮರಳಿನ ಮೇಲೆ ಕಾಲೂರಿ ನಿಂತಾಗ ಬೇರೆ ಯಾರೋ ಆಗಿದ್ದ. ಉಸ್ತಾದ್ ನನ್ನ ಪಕ್ಕಕ್ಕೆ ಬಂದು, "ಬಾಬು ಸಾಬ್, ಇವನಿಗೆ ಬೀಳುವ ಹೆದರಿಕೆ ಇಲ್ಲ. ಉಳಿದದ್ದು ನಾನು ಕಲಿಸುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದ.

ಮುಂದಿನ ಐದು ವರ್ಷ ನಮ್ಮ ಬಚ್ಚಲಲ್ಲಿ ತೆಂಗಿನೆಣ್ಣೆಯೂ ಸಾಸಿವೆ ಎಣ್ಣೆಯೂ ಅಕ್ಕಪಕ್ಕದ ಶತ್ರು ರಾಷ್ಟ್ರಗಳಂತೆ ವಾಸಿಸಿದವು. ನಾನು ಪ್ರತಿ ಗುರುವಾರ ಗೋದಾಮಿನಲ್ಲಿ ಮೊಳೆ ತೂಗುವ ಕಾಟಾದ ಮೇಲೆ ಮಗನನ್ನು ನಿಲ್ಲಿಸಿ ತೂಕ ನೋಡುತ್ತಿದ್ದೆ. ಹನ್ನೆರಡನೇ ತರಗತಿಗೆ ಬರುವ ಹೊತ್ತಿಗೆ ಅವನು ಐವತ್ತೇಳು ಕಿಲೋದಲ್ಲಿ ಬಂದು ನಿಂತ. ಕುಸ್ತಿಯವರಿಗೆ ಅದು ಒಂದು ವಿಭಾಗವಂತೆ. ತಾಯಿಗೆ ಅದು ಮಗ ಸೊರಗಿದ್ದಾನೆ ಎಂಬುದಕ್ಕೆ ಪುರಾವೆ.

ಈಗ ಕಾಲೇಜಿನ ಮಾತಿಗೆ ಬರುತ್ತೇನೆ. ಆ ವರ್ಷ ಮಂಗಳೂರಿನ ಕಡೆಯ ಒಂದು ದೊಡ್ಡ ಕಾಲೇಜಿನ ಹಳೆ ವಿದ್ಯಾರ್ಥಿಗಳು ಮಸ್ಕತ್ತಿನಲ್ಲಿ ಒಂದು ಸಮಾರಂಭ ಮಾಡಿದರು. ಅದಕ್ಕೆ ಬಂದ ಅತಿಥಿಗಳಲ್ಲಿ ಕಾಲೇಜಿನ ವ್ಯಾಯಾಮ ಶಿಕ್ಷಕರಾದ ಪಾಟೀಲ ಮಾಸ್ತರರೂ ಇದ್ದರು. ಧಾರವಾಡ ಕಡೆಯವರು, ಸ್ವತಃ ಪೈಲ್ವಾನರು, ಕಿವಿಗಳೆರಡೂ ಮಡಚಿದ ಪೂರಿಯ ಹಾಗೆ. ಸುವೈಕ್‌ನಲ್ಲಿ ಒಬ್ಬ ಹುಡುಗ ಇದ್ದಾನೆಂದು ಯಾರೋ ಹೇಳಿದ್ದೇ ತಡ, ಊಟದ ಸಾಲಿನಿಂದ ಎದ್ದು ಟ್ಯಾಕ್ಸಿ ಹಿಡಿದು ಬಂದರು. ದಂಡೆಯಲ್ಲಿ ಯತೀಶ ತನಗಿಂತ ಹತ್ತು ವರ್ಷ ದೊಡ್ಡವನಾದ ಬಡಗಿಯೊಬ್ಬನನ್ನು ಚಿತ್ ಮಾಡಿದ್ದನ್ನು ನೋಡಿದರು. ನಮ್ಮ ಮನೆಗೆ ಬಂದು ಹನ್ನೆರಡು ನೀರುದೋಸೆ ತಿಂದ ಮೇಲೆ ಬಾಯಿ ಬಿಟ್ಟರು.

"ಹುಡುಗ ನಮಗ ಬೇಕ್ರಿ."

ಸರೋಜ ದೋಸೆ ಎಬ್ಬಿಸುವ ಸಟ್ಟುಗ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದಳು. "ಎಂತ ಕಲಿಸ್ತೀರಿ ಅವನಿಗೆ?"

"ಇಂಜಿನಿಯರಿಂಗ್ ರೀ ಅಕ್ಕಾರ. ಕ್ರೀಡಾ ಕೋಟಾದಾಗ. ಸೀಟು ಪುಕ್ಕಟೆ, ಹಾಸ್ಟೆಲ್ ಪುಕ್ಕಟೆ, ದಿನಾ ಅರ್ಧ ಲೀಟರ್ ಹಾಲು, ನಾಲ್ಕು ತತ್ತಿ."

ಇಂಜಿನಿಯರಿಂಗ್ ಎಂಬ ಶಬ್ದ ಕಿವಿಗೆ ಬಿದ್ದ ಕ್ಷಣದಲ್ಲೇ ಸರೋಜ ಐದು ವರ್ಷಗಳ ಸಾಸಿವೆ ಎಣ್ಣೆಯನ್ನು ಕ್ಷಮಿಸಿದಳು. ಮಾಸ್ತರರ ತಟ್ಟೆಗೆ ಹದಿಮೂರನೆಯ ದೋಸೆ ಬಿತ್ತು.

"ಒಂದ ಮಾತು" ಎಂದರು ಅವರು. "ಐವತ್ತೇಳು ಕಿಲೋಕ್ಕ ನನ್ನ ಹತ್ರ ಇರೋದು ಒಂದ ಸೀಟು. ಬೆಳಗಾವಿ ಕಡೆಯ ಇನ್ನೊಬ್ಬ ಹುಡುಗನೂ ಕಾಯಾಕತ್ತಾನ. ಈ ತಿಂಗಳ ಒಳಗ ಫೋನ್ ಮಾಡಿ ಹೂಂ ಅಥವಾ ಊಹೂಂ ಹೇಳಿಬಿಡ್ರಿ."

ಇಲ್ಲಿ ನೀವು ನನ್ನ ನಾಲಿಗೆಯ ಬಗ್ಗೆ ಒಂದು ಸಂಗತಿ ತಿಳಿದಿರಬೇಕು. ಆ ಹೊತ್ತಿಗೆ ಅದಕ್ಕೆ ಗಲ್ಫಿನಲ್ಲಿ ಹದಿನಾರು ವರ್ಷದ ಸೇವೆಯಾಗಿತ್ತು. ಅಷ್ಟು ಕಾಲ ಇಲ್ಲಿದ್ದವರ ಬಾಯಲ್ಲಿ ಖಲಾಸ್ ಎಂಬ ಒಂದು ಶಬ್ದ ಇಪ್ಪತ್ತು ಶಬ್ದಗಳ ಕೆಲಸ ಮಾಡುತ್ತದೆ. ಲಾರಿಯಿಂದ ಸಿಮೆಂಟು ಇಳಿಸಿಯಾದರೆ ಖಲಾಸ್. ಅಂಗಡಿಯಲ್ಲಿ ಟೊಮೆಟೊ ಮುಗಿದರೆ ಖಲಾಸ್. ಚೌಕಾಶಿ ಕುದುರಿ ಎರಡೂ ಕಡೆಯವರು ಒಪ್ಪಿ ಕೈ ಕುಲುಕಿದರೆ, ಆಗಂತೂ ಬಲವಾದ ಖಲಾಸ್. ನನ್ನ ಕಫೀಲ್, ಅಂದರೆ ನನ್ನ ವೀಸಾಕ್ಕೆ ಹೊಣೆಯಾದ ಒಮಾನಿ ಧಣಿ, ತನ್ನ ಮಗಳ ಮದುವೆ ನಿಶ್ಚಯವಾದ ಸುದ್ದಿಯನ್ನು ನನಗೆ ಹೇಳಿದ್ದೂ ಆ ಒಂದೇ ಶಬ್ದದಲ್ಲಿ. ಅದು ಅರಬ್ಬಿ ಎಂಬುದು ನನಗೆ ಮರೆತೇಹೋಗಿತ್ತು.

ಹಾಗಾಗಿ ಮೂರನೆಯ ದಿನ, ಸೂಕಿನ, ಎಂದರೆ ಪೇಟೆಯ, ಎದುರಿನ ಕಾರ್ಡ್ ಫೋನಿನಿಂದ, ಹಿಂದೆ ಹಾರ್ನುಗಳ ಮೇಳ ನಡೆಯುತ್ತಿರುವಾಗ, ನಾನು ಊರಿಗೆ ಫೋನ್ ಹಚ್ಚಿ ವಿಜಯೋತ್ಸಾಹದಿಂದ ಹೇಳಿದೆ:

"ಮಾಸ್ತರರೇ, ನಮ್ಮ ಯತೀಶನ ವಿಷಯ ಖಲಾಸ್."

"ಖಲಾಸ್ ಏನ್ರಿ?"

"ಖಲಾಸ್, ಖಲಾಸ್. ಇನ್ನು ಎರಡು ಮಾತಿಲ್ಲ."

"ಮನ್ಯಾಗ ಎಲ್ಲಾರೂ ಕೂತು ವಿಚಾರ ಮಾಡೀರೇನ್ರಿ?"

"ಎಲ್ಲರೂ ಕೂತು ಮಾತಾಡಿಯೇ ಖಲಾಸ್ ಮಾಡಿದ್ದು. ಇವಳಿಗಂತೂ ಭಾರೀ ಖುಷಿ."

"ಅಕ್ಕಾರಿಗೆ ಖುಷಿನ? ಆತು ಬಿಡ್ರಿ. ನಿಮ್ಮ ಇಷ್ಟ. ಹುಡುಗಗ ಒಳ್ಳೇದಾಗಲಿ."

ಅವರ ದನಿ ಸ್ವಲ್ಪ ಇಳಿದಂತೆ ಕೇಳಿಸಿತು. ಭಾವುಕರಾಗಿದ್ದಾರೆ, ಪೈಲ್ವಾನರ ಮನಸ್ಸು ಮೃದು ಎಂದು ನಾನು ನನಗೇ ವ್ಯಾಖ್ಯಾನ ಕೊಟ್ಟುಕೊಂಡೆ. ಮನೆಗೆ ಹೋಗುವಾಗ ಎರಡು ಕಿಲೋ ಒಮಾನಿ ಹಲ್ವಾ ಕೊಂಡುಹೋದೆ. ಸರೋಜ ಅದನ್ನು ಸುವೈಕ್‌ನಲ್ಲಿದ್ದ ನಮ್ಮವರ ಎಲ್ಲ ಮನೆಗಳಿಗೂ, 'ಇಂಜಿನಿಯರ್' ಎಂಬ ಪದದ ಜೊತೆಗೆ ಹಂಚಿದಳು.

ಜುಲೈಯಲ್ಲಿ ಮಗನನ್ನು ಕರೆದುಕೊಂಡು ಊರಿಗೆ ಹೋದೆ. ಮಾಸ್ತರರು ತಮ್ಮ ಕೋಣೆಯಲ್ಲಿ ನಮ್ಮನ್ನು ಕಂಡು ಸತ್ತವರು ಎದ್ದು ಬಂದದ್ದನ್ನು ನೋಡಿದವರಂತೆ ನೋಡಿದರು.

"ನೀವ ಖಲಾಸ್ ಅಂದ್ರಲ್ರಿ ಫೋನಿನ್ಯಾಗ."

"ಹೌದು, ಖಲಾಸ್ ಅಂದೆ."

"ನಮ್ಮ ಕಡೆ ಖಲಾಸ್ ಅಂದ್ರ ಮುಗೀತು ಅಂತ ರೀ."

"ನಮ್ಮ ಕಡೆಯೂ ಮುಗಿಯಿತು ಅಂತಲೇ. ಒಪ್ಪಂದ ಮುಗಿಯಿತು, ಗಟ್ಟಿಯಾಯಿತು ಅಂತ."

ಮಾಸ್ತರರು ತಮ್ಮ ಮಡಚಿದ ಕಿವಿಯನ್ನು ಎರಡು ಸಲ ಸವರಿಕೊಂಡರು. ಕಿಟಕಿಯಾಚೆ ಕುಸ್ತಿ ಮನೆಯ ನೀಲಿ ಮ್ಯಾಟಿನ ಮೇಲೆ ಬೆಳಗಾವಿಯ ಹುಡುಗ ಆಗಲೇ ಲಾಗ ಹಾಕುತ್ತಿದ್ದ. ಒಂದು ಶಬ್ದಕ್ಕೆ ಎರಡು ಊರಿನಲ್ಲಿ ಎರಡು ಅರ್ಥ ಎಂಬ ಭಾಷಾಶಾಸ್ತ್ರದ ಸತ್ಯವನ್ನು ನಾನು ನನ್ನ ಮಗನ ಸೀಟು ಕೊಟ್ಟು ಕಲಿತೆ.

ಅವರು ಒಳ್ಳೆಯವರು. ಎರಡು ದಾರಿ ತೋರಿಸಿದರು. ಒಂದು, ಅನಿವಾಸಿಗಳ ಕೋಟಾದಲ್ಲಿ ಡಾಲರು ಕಟ್ಟಿ ಅದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೇರುವುದು. ನಾನು ಗೋದಾಮಿನಲ್ಲಿ ಇನ್ನೂ ಕೆಲವು ವರ್ಷ ಹೆಚ್ಚು ಕೂತರೆ ಅದೂ ಆಗುವ ಮಾತೇ. ಆದರೆ ಐವತ್ತೇಳು ಕಿಲೋದ ಜಾಗ ತುಂಬಿದ್ದರಿಂದ ಯತೀಶ ಕುಸ್ತಿ ತಂಡದಲ್ಲಿ ಬದಲಿ ಆಟಗಾರನಾಗಿ ಇರಬೇಕು. ಇನ್ನೊಂದು, ಘಟ್ಟದ ಬುಡದ ಒಂದು ಸಣ್ಣ ಕಾಲೇಜು. ಅಲ್ಲಿ ಮ್ಯಾಟಿಲ್ಲ, ಕ್ಯಾಂಟೀನಿನ ಹಿಂದೆ ತಗಡಿನ ಮಾಡಿನ ಕೆಳಗೆ ಕೆಂಪು ಮಣ್ಣಿನ ಗರಡಿ. ಇಂಜಿನಿಯರಿಂಗ್ ಇಲ್ಲ, ಬಿ.ಕಾಂ. ಮಾತ್ರ. ಆದರೆ ಐವತ್ತೇಳು ಕಿಲೋದಲ್ಲಿ ಆಡಲು ಅವರ ಬಳಿ ಯಾರೂ ಇಲ್ಲ. "ಚೀಟಿ ನಾನ ಬರದು ಕೊಡ್ತೀನಿ" ಎಂದರು ಮಾಸ್ತರರು.

ನಾನು ತಂದೆಯ ಕರ್ತವ್ಯವೆಂದು ತಿಳಿದು ಇಂಜಿನಿಯರಿಂಗ್‌ನ ಮಹಿಮೆಯ ಮೇಲೆ ಒಂದು ಉಪನ್ಯಾಸ ಆರಂಭಿಸಿದೆ. ಯತೀಶ ನಡುವೆಯೇ ತಡೆದ.

"ಅಪ್ಪ, ರಿಸರ್ವ್ ಅಂದ್ರೆ ಬೆಂಚಲ್ಲಿ ಕೂರುದು. ಫೋರ್ ಇಯರ್ಸ್ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

"ನಿನ್ನ ಅಮ್ಮನಿಗೆ ಯಾರು ಹೇಳುದು?"

"ನೀವು. ಫೋನ್ ಮಾಡಿದ್ದು ನೀವಲ್ವಾ?"

ಎಸ್.ಟಿ.ಡಿ. ಬೂತಿನಿಂದ ಸುವೈಕ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಸರೋಜ, "ಹಲ್ವಾ ಹಂಚಿ ಆಗಿದೆ" ಎಂದಳು. ಅಷ್ಟೇ. ಮುಂದಿನ ಒಂದೂವರೆ ವರ್ಷ ಯಾರಾದರೂ, "ಮಗ ಎಲ್ಲಿ ಓದುದು?" ಎಂದು ಕೇಳಿದರೆ ಅವಳು, "ಊರಲ್ಲಿ" ಎನ್ನುತ್ತಿದ್ದಳು. ಎಂತ ಓದುವುದು ಎಂದು ಕೇಳಿದರೆ ಒಲೆಯ ಮೇಲೆ ಏನಾದರೂ ಉಕ್ಕುತ್ತಿರುತ್ತಿತ್ತು.

ಮೊದಲ ವರ್ಷದ ಅಂತರ ಕಾಲೇಜು ಕುಸ್ತಿಯಲ್ಲಿ ಯತೀಶ ಆ ಬೆಳಗಾವಿ ಹುಡುಗನಿಗೇ ಸೋತ. ಮಣ್ಣಿನಲ್ಲಿ ಕಲಿತವನ ಕಾಲು ಮ್ಯಾಟಿನ ಮೇಲೆ ನಿಲ್ಲುವುದಿಲ್ಲವೆಂದು ಪತ್ರ ಬರೆದ. ನಾನದನ್ನು ಉಸ್ತಾದನಿಗೆ ಓದಿ ಹೇಳಿದೆ. ಆತ ಹಿಟ್ಟಿನ ಕೈ ಕೊಡವಿ, "ಕಾಲು ನಿಲ್ಲದಿದ್ದರೆ ಎದುರಾಳಿಯನ್ನು ನೆಲದ ಮೇಲೆ ಇಟ್ಟುಕೊಳ್ಳಬೇಡ, ಹೆಗಲ ಮೇಲೆ ತಗೋ ಎಂದು ಬರೆಯಿರಿ" ಎಂದ. ಹಾಗೆಯೇ ಬರೆದೆ.

ಎರಡನೆಯ ವರ್ಷದ ಪಂದ್ಯಕ್ಕೆ ನಾನು ರಜೆ ಕೇಳಿದೆ. ಕಫೀಲ್ ಗಡ್ಡ ನೀವಿಕೊಳ್ಳುತ್ತ, "ಯಾರ ಮದುವೆ?" ಎಂದ. ಮಗನ ಕುಸ್ತಿ ಎಂದಾಗ ಅವನ ಮುಖವೇ ಬದಲಾಯಿತು. ಸುವೈಕ್ ಇರುವ ಬಾತಿನಾ ಕರಾವಳಿಯ ಗೂಳಿ ಕಾಳಗವನ್ನು ಒಂದೂ ಬಿಡದೆ ನೋಡುವ ಮನುಷ್ಯ. "ಯಲ್ಲಾ, ಇವತ್ತೇ ಹೊರಡು" ಎಂದು ಹತ್ತು ಕಿಲೋ ಖರ್ಜೂರ ಕಟ್ಟಿಸಿಕೊಟ್ಟ. ತನ್ನ ಗೂಳಿಗೂ ಅದೇ ತಿನ್ನಿಸುವುದಂತೆ. ಸರೋಜಳನ್ನೂ ಹೊರಡಿಸಿದೆ. "ನಾನು ನನ್ನ ತಾಯಿಮನೆಗೆ ಬರುದು, ಕುಸ್ತಿಗಲ್ಲ" ಎಂದು ಆಕೆ ವಿಮಾನದಲ್ಲಿ ಮೂರು ಸಲ ಸ್ಪಷ್ಟಪಡಿಸಿದಳು.

ಫೈನಲ್ ನಡೆದದ್ದು ಆ ದೊಡ್ಡ ಕಾಲೇಜಿನಲ್ಲೇ, ಅದೇ ನೀಲಿ ಮ್ಯಾಟಿನ ಮೇಲೆ. ಸರೋಜ ನನ್ನ ಪಕ್ಕದಲ್ಲಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು. ತಾಯಿಮನೆ ಅಲ್ಲಿಂದ ಇಪ್ಪತ್ತು ಮೈಲಿ ದೂರವಿತ್ತು ಎಂಬುದನ್ನು ನಾನು ನೆನಪಿಸಲು ಹೋಗಲಿಲ್ಲ. ಬೆಳಗಾವಿಯ ಹುಡುಗ ನಿಜವಾದ ಪೈಲ್ವಾನ. ನೋಡನೋಡುತ್ತ ಐದು ಅಂಕ ಮುಂದೆ ಹೋದ.

"ಮುಗೀತಾ?" ಸೆರಗಿನೊಳಗಿಂದ ದನಿ ಬಂತು.

"ಇಲ್ಲ."

"ಯಾರು ಮೇಲೆ?"

"ಅವನು."

ಆಗ ಯತೀಶ ಹಿಂದಕ್ಕೆ ಸರಿದ. ಅವನು ಹೆದರಿದನೆಂದೇ ಎದುರಾಳಿ ಮೈಮೇಲೆ ನುಗ್ಗಿದ. ಅಗಸರು ಒದ್ದೆ ಬಟ್ಟೆಯನ್ನು ಹೆಗಲ ಮೇಲಿಂದ ಎತ್ತಿ ಕಲ್ಲಿಗೆ ಬೀಸುವುದನ್ನು ನೀವು ನೋಡಿರಬಹುದು. ನಮ್ಮ ಯತೀಶ ನುಗ್ಗಿದವನ ಕೈ ಹಿಡಿದು ತಿರುಗಿ ಬಗ್ಗಿ ಥೇಟ್ ಹಾಗೆಯೇ ಬೀಸಿದ. ಸುವೈಕ್‌ನ ಮರಳಿನಲ್ಲಿ ಉಸ್ತಾದ್ ಅದನ್ನು ಎಷ್ಟು ನೂರು ಸಲ ಮಾಡಿಸಿದ್ದನೋ. ಬೆಳಗಾವಿಯ ಹುಡುಗನ ಎರಡೂ ಭುಜ ಮ್ಯಾಟಿಗೆ ಅಂಟಿದವು, ಯತೀಶ ಎದೆಯ ಮೇಲೆ ಒರಗಿದ, ರೆಫರಿ ಕೈಯಿಂದ ಮ್ಯಾಟಿಗೆ ಹೊಡೆದ.

"ಯಾರು ಮೇಲೆ, ಹೇಳಿ ಮಾರಾಯ್ರೆ."

"ನಮ್ಮವ."

ಸರೋಜ ಸೆರಗು ತೆಗೆದು ನೋಡಿದಳು. ನೋಡಿದವಳು ಚಪ್ಪಲಿ ಕಳಚಿ ಬೆಂಚಿನ ಮೇಲೆ ಹತ್ತಿ ನಿಂತಳು. ನಲವತ್ತು ದಾಟಿದ ಹೆಂಗಸು, ಕಂಚಿ ಸೀರೆ ಉಟ್ಟವಳು, ಮುನ್ನೂರು ಹುಡುಗರ ನಡುವೆ ಬೆಂಚಿನ ಮೇಲೆ ನಿಂತು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದಳು. ನಾನು ಅವಳು ಬೀಳದ ಹಾಗೆ ಕೆಳಗಿನಿಂದ ಹಿಡಿದುಕೊಂಡು ನಿಂತಿದ್ದೆ. ಆ ದಿನದ ಪಂದ್ಯಾವಳಿಯಲ್ಲಿ ನನ್ನ ಪಾತ್ರ ಅಷ್ಟೇ, ಆದರೆ ಅದಕ್ಕಿಂತ ದೊಡ್ಡ ಪಾತ್ರವನ್ನು ನಾನು ಬದುಕಿನಲ್ಲಿ ವಹಿಸಿದ್ದು ನೆನಪಿಲ್ಲ.

ಪಾಟೀಲ ಮಾಸ್ತರರು ಬಂದು ಯತೀಶನ ಬೆನ್ನಿಗೆ ಒಂದು ಏಟು ಕೊಟ್ಟರು. "ಮುಂದಿನ ವರ್ಷ ನಮ್ಮಲ್ಲೆ ಬಾರೋ ತಮ್ಮಾ. ಬಿ.ಕಾಂ. ನಮ್ಮಲ್ಲೂ ಐತಿ. ತತ್ತಿ ಆರು ಮಾಡ್ತೀನಿ."

"ಇಲ್ಲ ಸಾರ್" ಎಂದ ಯತೀಶ. "ನನ್ನ ಕಾಲೇಜಿಗೆ ಇದು ಫಸ್ಟ್ ಮೆಡಲ್. ಬಿಟ್ಟು ಬಂದ್ರೆ ಆಗುದಿಲ್ಲ." ನನ್ನ ಕಾಲೇಜು ಎಂದ. ಆ ತಗಡಿನ ಮಾಡನ್ನು. ಮಾಸ್ತರರು ನನ್ನ ಕಡೆಗೆ ತಿರುಗಿ, "ನೀವ ಸೀಟು ಕಳಕೊಂಡ್ರಿ, ನಾನು ಹುಡುಗನ್ನ ಕಳಕೊಂಡೆ. ಲೆಕ್ಕ ಸರಿ ಹೋತಿಲ್ರಿ?" ಎಂದು ನಕ್ಕರು. ಮುಂದಿನ ವರ್ಷವೂ ಪದಕ ಆ ತಗಡಿನ ಮಾಡಿನ ಕೆಳಗೇ ಹೋಯಿತು.

ಇಷ್ಟೆಲ್ಲ ನೆನಪಾಗುವಷ್ಟು ಹೊತ್ತು ಸೂಪರ್ ಮಾರ್ಕೆಟ್ಟಿನಲ್ಲಿ ನಿಂತಿದ್ದು ಮನೆಗೆ ಬಂದೆ. ಇದು ಯತೀಶನ ಮನೆ. ಅವನು ಇಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ. ನಾವಿಬ್ಬರು ಮೂರು ತಿಂಗಳ ವೀಸಾದಲ್ಲಿ ಬಂದ ಅತಿಥಿಗಳು. ಕೆಳಗಿನ ಫ್ಲ್ಯಾಟಿನ ಹೆಂಗಸು ನಾಲ್ಕು ಕಾಲೇಜುಗಳ ಬಣ್ಣದ ಪುಸ್ತಿಕೆಗಳನ್ನು ಸೋಫಾದ ಮೇಲೆ ಹರಡಿಕೊಂಡು, ಮಗನನ್ನು ಯಾವುದಕ್ಕೆ ಸೇರಿಸುವುದೆಂದು ಸರೋಜಳ ಮುಂದೆ ಗೋಳಾಡುತ್ತಿದ್ದಳು. ಕಣ್ಣೀರು ಹಾಕುವುದೊಂದು ಬಾಕಿ ಇತ್ತು.

"ನಿಮ್ಮ ಯತೀಶ ಎಂತ ಓದಿದ್ದು ಆಂಟಿ? ಇಂಜಿನಿಯರಿಂಗಾ?"

ನಾನು ಹಳೆಯ ಅಭ್ಯಾಸದಿಂದ ಮೆಲ್ಲನೆ ಅಡುಗೆಮನೆಯ ಕಡೆಗೆ ಜಾರಿಕೊಂಡೆ. ಮೂವತ್ತು ವರ್ಷವಾದರೂ ಆ ಪ್ರಶ್ನೆ ಬಂದಾಗ ಅಪರಾಧಿ ಸ್ಥಳದಿಂದ ಮಾಯವಾಗುವುದು ಕ್ಷೇಮ ಎಂಬುದು ನನ್ನ ನಂಬಿಕೆ.

"ಛೆ, ಇಂಜಿನಿಯರಿಂಗ್ ಎಲ್ಲ ಅಲ್ಲ" ಎನ್ನುವ ಸರೋಜಳ ದನಿ ನನ್ನ ಬೆನ್ನ ಹಿಂದೆ ಕೇಳಿಸಿತು. "ನನ್ನ ಮಗ ಓದಿದ್ದು ಕುಸ್ತಿ. ಒಟ್ಟಿಗೆ ಸ್ವಲ್ಪ ಬಿ.ಕಾಂ. ಕೂಡ ಮಾಡಿದ್ದಾನೆ."

ನಾನು ಅಡುಗೆಮನೆಯಿಂದ ಹೊರಗೆ ಬಂದು ಅವರೊಡನೆ ಸೋಫಾದಲ್ಲಿ ಕುಳಿತೆ.