ಉಗುರುಬೆಚ್ಚಗಿನ ನೀರು

ಕೋವಿಡ್ ಇಳಿದ ಮರುವರ್ಷದ ಮಳೆಗಾಲ. ನಾನಾಗ ರಾಮದುರ್ಗ ತಾಲೂಕಿನಲ್ಲಿ ಆರೋಗ್ಯ ಶಿಕ್ಷಣಾಧಿಕಾರಿ. ರೋಗ ಬಂದ ಊರಿಗೆ ಏನು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂಬುದೇ ನನ್ನ ಕೆಲಸ. ಸುರೇಬಾನದ ಆಚೆಯ ಒಂದು ಊರಿನಲ್ಲಿ, ಒಡೆದ ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರಿ ವಾಂತಿಭೇದಿ ಶುರುವಾಗಿತ್ತು. ಮೊದಲ ದಿನ ಒಂಬತ್ತು ಜನ.

ಧ್ವನಿವರ್ಧಕಕ್ಕೆ ಸಾಲು ಬರೆದುಕೊಟ್ಟವನು ನಾನೇ: ‘ನೀರು ಕುದಿಸಿ, ಉಗುರುಬೆಚ್ಚಗೆ ಮಾಡಿಕೊಂಡು ಕುಡಿಯಿರಿ.’ ಮೇಲಧಿಕಾರಿ ಒಪ್ಪಿದರು. ಟಂಟಂ ಆಟೊ ಓಡಿಸುವ ಬಸಣ್ಣ ಓಣಿ ಓಣಿ ಸುತ್ತಿ ಸಾರಿದರು. ಮೂರನೆಯ ದಿನಕ್ಕೆ ಇಪ್ಪತ್ತಾರು ಜನ.

ಆಶಾ ಕಾರ್ಯಕರ್ತೆಯೊಂದಿಗೆ ಮನೆ ಮನೆಗೆ ಹೋದೆ. ನೀಲವ್ವನ ಮನೆಯಲ್ಲಿ ಏಳು ತಿಂಗಳ ಬಸುರಿ ಸೊಸೆ ಮಲಗಿದ್ದಳು. ಬೆಳಗಿನಿಂದ ಎರಡು ಸಲ ವಾಂತಿ. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

“ಕುದಿಸೇ ಕೊಡತೀರೇನವ್ವ?”

“ನೀವು ಒದರಿದ್ದು ಕೇಳೇವ್ರಿ. ನಮ್ಮ ಕಿವಿ ಇನ್ನೂ ನೆಟ್ಟಗದಾವ.”

ನೀಲವ್ವ ಕುದಿನೀರನ್ನು ತಂಬಿಗೆಗೆ ಸುರಿದಳು. ಪಕ್ಕದ ಕೊಡದಿಂದ ನಲ್ಲಿಯ ತಣ್ಣೀರು ಬೆರೆಸಿದಳು. ಬೆರಳು ಅದ್ದಿ ನೋಡಿದಳು.

“ತಣ್ಣೀರು ಯಾಕವ್ವ?”

“ಉಗುರುಬೆಚ್ಚಗ ಅಂದವ್ರು ನೀವ. ಬೆರಸದ ಹ್ಯಾಂಗ ಆಕ್ಕೈತಿ, ಹೇಳ್ರಲ್ಲ ಸಾಹೇಬ್ರ!”

ಜಳಕದ ನೀರನ್ನು ಇಲ್ಲಿ ಹಾಗೆಯೇ ಹದ ಮಾಡುತ್ತಾರೆ, ನಮ್ಮ ಮನೆಯಲ್ಲೂ. ತಂಬಿಗೆ ಕಸಿದು ಚೆಲ್ಲಿದೆ. ಚೆಲ್ಲಿದ್ದು ತಾನು ಎನ್ನುತ್ತಾರೆ ಆಶಾ ಕಾರ್ಯಕರ್ತೆ. ಇರಬಹುದು. ಸೊಸೆಯನ್ನು ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಕಳಿಸಿದೆವು.

ಮೇಲಧಿಕಾರಿಗೆ ಫೋನ್ ಮಾಡಿದೆ.

“ತಪ್ಪಾಗೇದ ಅಂತ ಸಾರಿದ್ರ ಮುಂದ ನಮ್ಮ ಮಾತು ಯಾರೂ ನಂಬೂದಿಲ್ಲ. ಹೊಸಾ ಸಾಲು ಸೇರಸ್ರಿ, ಹಳೇದರ ಸುದ್ದಿ ಬ್ಯಾಡ,” ಎಂದರು.

ಮಾತಿನಲ್ಲಿ ಹುರುಳಿತ್ತು. ಆದರೆ ಹಳೆಯದು ತಪ್ಪೆಂದು ಹೇಳದಿದ್ದರೆ ಕೊಡದ ತಣ್ಣೀರು ಬೆರೆಸುವುದನ್ನು ಯಾರೂ ಬಿಡುತ್ತಿರಲಿಲ್ಲ.

ಹೊಸ ಚೀಟಿ ಓದಿ ಬಸಣ್ಣ ನಕ್ಕರು. “ಸರ್ಕಾರದವ್ರು ತಪ್ಪಾತು ಅಂದದ್ದು ನಾ ಹುಟ್ಟಿದಾಗಿಂದ ಕೇಳಿಲ್ರಿ. ಮಂದಿ ನನ್ನ ಬಡದ್ರ?”

“ನಿಮ್ಮ ಬಾಜೂಕ ನಾ ಕೂಡತೇನಿ. ನಡೀರಿ.”

‘ಮೊನ್ನೆಯಿಂದ ನಾವು ಹೇಳಿದ್ದು ತಪ್ಪು. ಕುದಿಸಿದ ನೀರಿಗೆ ತಣ್ಣೀರು ಬೆರಸಬ್ಯಾಡ್ರಿ. ಮುಚ್ಚಿಡ್ರಿ, ತಾನ ಆರಲಿ.’

“ಮೊನ್ನಿ ನಿದ್ದಿಗಣ್ಣಾಗ ಬರದಿದ್ರೇನ್ರಿ?” ಎಂದು ಕಟ್ಟೆಯ ಮೇಲಿನವರು ಕೂಗಿದರು. ಬೈಯುತ್ತಲೇ ಹೆಂಗಸರು ಕೊಡಗಳನ್ನು ಅಂಗಳಕ್ಕೆ ತಂದು ಚೆಲ್ಲಿದರು.

ಆರನೆಯ ದಿನ ಹೊಸ ರೋಗಿಗಳಿರಲಿಲ್ಲ. ಅಷ್ಟರಲ್ಲಿ ಪೈಪೂ ದುರಸ್ತಿಯಾಗಿತ್ತು. ಯಾವುದರಿಂದ ರೋಗ ನಿಂತಿತೆಂದು ಹೇಳಲಾರೆ. ನೀಲವ್ವನ ಸೊಸೆ ಉಳಿದಳು, ಹೊಟ್ಟೆಯ ಕೂಸೂ ಉಳಿಯಿತು. ನಮ್ಮ ಎರಡನೆಯ ಪ್ರಕಟಣೆ ವರದಿಯಲ್ಲಿ ‘ಹೆಚ್ಚುವರಿ ಸ್ಪಷ್ಟೀಕರಣ’ ಎಂದು ದಾಖಲಾಯಿತು. ಕೆಳಗಿನ ಸಹಿ ನನ್ನದೇ.

ಅಲ್ಲಿಂದೀಚೆಗೆ ಸಂದೇಶ ಬರೆದಾಗ, ಅರ್ಥವಾಯಿತೇ ಎಂದು ಯಾರನ್ನೂ ಕೇಳುವುದಿಲ್ಲ. ಒಂದು ಅಡುಗೆಮನೆಗೆ ಹೋಗಿ, ಮಾಡಿ ತೋರಿಸಿ ಎನ್ನುತ್ತೇನೆ.