ಅಮ್ಮಿಯ ಕಬಾಬಿನಲ್ಲಿ ಕೋಳಿ

ಧಾರವಾಡದಿಂದ ಬೆಳಿಗ್ಗೆ ಹೊರಟ ಕೊಲ್ಹಾಪುರದ ಬಸ್ಸಿನಲ್ಲಿ ನಿಪ್ಪಾಣಿಯವರೆಗೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ತೊಡೆಯ ಮೇಲೆ ಮಂಜುಗಡ್ಡೆಯ ಡಬ್ಬಿ ಇಟ್ಟುಕೊಂಡಿದ್ದೆ. ಕಂಡಕ್ಟರ್ ಅದನ್ನು ನೋಡಿ, "ಲಸಿಕಿ ಏನ್ರಿ ಮೇಡಂ?" ಎಂದು ಕೇಳಿದ. ಖಾಲಿ ಐತಿ ಎಂದೆ.

ನಾನು ಆಹಾರ ತಪಾಸಣೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಸಾಸೇಜು, ಕೀಮಾ, ಕಬಾಬ್‌ಗಳಲ್ಲಿ ಯಾವ ಪ್ರಾಣಿಯ ಮಾಂಸವಿದೆ, ಮಟನ್ ಎಂದು ಬರೆದದ್ದು ನಿಜಕ್ಕೂ ಮಟನ್ನೇ ಎಂದು ನೋಡುವುದು ನನ್ನ ಪಾಲಿಗೆ ಬಂದ ಕೆಲಸ. ಹುಟ್ಟಿದ್ದು ಶೇಡಬಾಳದ ಜೈನರ ಮನೆಯಲ್ಲಿ. ಮಾಂಸದ ರುಚಿ ಈವರೆಗೆ ತಿಳಿದಿಲ್ಲ.

ಈ ಸಲ ಹೊರಟದ್ದು ರಜೆ ಹಾಕಿ. ಅಥಣಿಯ ಕಾಲೇಜಿನಲ್ಲಿ ಜತೆಗೆ ಓದಿದ ರುಬೀನಾ ಫೋನ್ ಮಾಡಿದ್ದಳು. ಅವಳ ತಾಯಿಯನ್ನು ನಾನೂ ಅಮ್ಮಿ ಎಂದೇ ಕರೆಯುತ್ತಿದ್ದೆ. ಹಾಸ್ಟೆಲಿನಲ್ಲಿದ್ದ ನನ್ನನ್ನು ಅವರು ಪ್ರತಿ ರವಿವಾರ ಕರೆಸಿಕೊಂಡು, ನನಗೆಂದೇ ಇಟ್ಟಿದ್ದ ಬೇರೆ ಬಾಣಲೆಯಲ್ಲಿ ಬಾಳೆಕಾಯಿಯ ಕಬಾಬ್ ಮಾಡಿ, ಹೊತ್ತು ಮುಳುಗುವ ಮೊದಲೇ ಉಣಬಡಿಸುತ್ತಿದ್ದರು. ಅಮ್ಮಿಯ ಮಟನ್ ಕಬಾಬಿನ ಪ್ಯಾಕೆಟ್‌ಗಳು ಅಥಣಿಯಿಂದ ನಿಪ್ಪಾಣಿಯವರೆಗೆ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಹೋದ ವರ್ಷ ಅವರು ತೀರಿಕೊಂಡ ಮೇಲೆ ರುಬೀನಾ ಅದನ್ನು ಮುಂದುವರಿಸಿದ್ದಳು.

"ಮಂದಿ ರುಚಿ ಹೋಗೇತಿ ಅಂತಾರ ಪದ್ಮಾ," ಎಂದಿದ್ದಳು ಫೋನಿನಲ್ಲಿ. "ಮಸಾಲಿನೂ ಅದ ಐತಿ, ಅಳತಿನೂ ಅದ ಐತಿ. ಅಮ್ಮಿ ಕೈ ನನಗ ಬರಲಿಲ್ಲ ಅಂತ ಕಾಣತೈತಿ."

ಕೈಗಿಂತ ಮೊದಲು ಕೀಮಾದ ಮೇಲೆ ನನಗೆ ಸಂಶಯ ಬಂತು. ಬರುತ್ತೇನೆ ಎಂದೆ. ದಾರಿಯಲ್ಲಿ ಅಂಗಡಿಗಳಿಂದ ಪ್ಯಾಕೆಟ್ ಕೊಳ್ಳುತ್ತ ಬರುವೆನೆಂದು ಮಾತ್ರ ಹೇಳಲಿಲ್ಲ.

ನಿಪ್ಪಾಣಿಯಲ್ಲಿ ಇಳಿದಾಗ ಬಿಸಿಲು ಹಿತವಾಗಿತ್ತು, ಗಾಳಿಯಲ್ಲಿ ತಂಬಾಕಿನ ಘಾಟು. ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯ ಫ್ರಿಜ್ಜಿನಲ್ಲಿ ಅಮ್ಮಿಯ ಪ್ಯಾಕೆಟ್ ಸಿಕ್ಕಿತು. ಅಂಗಡಿಯಾತ ಅದನ್ನು ಕೊಡುತ್ತಲೇ ಮರಾಠಿಯಲ್ಲಿ, "ಪಹಿಲ್ಯಾಸಾರಖೀ ಚವ ರಾಹಿಲೀ ನಾಹೀ, ತಾಈ," ಎಂದ. ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದ. "ಮೊದಲಿನ ರುಚಿ ಉಳದಿಲ್ರಿ. ಆಮ್ಯಾಲ ನನಗ ಬೈಬ್ಯಾಡ್ರಿ."

ಚಿಕ್ಕೋಡಿ ಅಲ್ಲಿಂದ ಮುಕ್ಕಾಲು ತಾಸಿನ ದಾರಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಬಸ್ಸು ಇನ್ನೂ ತಡವಾಯಿತು. ರಾಯಬಾಗದ ಗಾಡಿಗೆ ಸಮಯವಿತ್ತು. ನನಗೋ ಅಥಣಿಯವರೆಗೆ ತಡೆದುಕೊಳ್ಳಲಾಗಲಿಲ್ಲ. ನಿಲ್ದಾಣದ ಅಂಚಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು ಚೀಲದಿಂದ ಪಟ್ಟಿಗಳನ್ನು ತೆಗೆದೆ. ಬಸಿರು ನೋಡುವ ಪಟ್ಟಿಯಂಥದೇ ಇದು. ಮಾಂಸದ ಚೂರನ್ನು ಉಪ್ಪುನೀರಿನ ನಳಿಕೆಯಲ್ಲಿ ಅಲುಗಿಸಿ, ಆ ನೀರಿನ ಹನಿ ಬಿಡಬೇಕು. ಒಂದು ಕೆಂಪು ಗೆರೆ ಬಂದರೆ ಪಟ್ಟಿ ಸರಿಯಿದೆ ಎಂದು ಅರ್ಥ. ಎರಡನೆಯದೂ ಬಂದರೆ ಅದರಲ್ಲಿ ಕೋಳಿಯಿದೆ. ಹಿಟ್ಟು ಬೆರೆತಿದೆಯೇ ಎಂದು ನೋಡಲು ಅಯೋಡಿನ್ ಇದೆ, ಆದರೆ ಈ ಕಬಾಬಿಗೆ ಕಡಲೆಬೇಳೆಯನ್ನು ಹಾಕಿಯೇ ಹಾಕುತ್ತಾರೆ. ಬೇಳೆಗೂ ಅಯೋಡಿನ್ ನೀಲಿಯಾಗುವುದರಿಂದ ಅದನ್ನು ನಂಬುವಂತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಬಾಗಿ ನೋಡಿದರು. "ಸಕ್ಕರಿ ಬ್ಯಾನಿ ತಪಾಸಣಿ ಏನವಾ?"

"ಅಂಥಾದ್ದ ರೀ, ಆಯಿ."

"ಏನ್ ಬಂತು?"

ಎರಡನೆಯ ಗೆರೆ ತೆಳ್ಳಗೆ ಮೂಡಿ, ನೋಡುನೋಡುತ್ತ ದಟ್ಟವಾಯಿತು. "ಬರಬಾರದ್ದು ಬಂತ್ರಿ," ಎಂದೆ.

"ಗುಳಗಿ ತಗೊಂಡ್ರ ಕಡಿಮಿ ಆಗತೈತಿ, ಅಂಜಬ್ಯಾಡ," ಎಂದು ಅವರು ನನ್ನ ಬೆನ್ನು ಸವರಿದರು.

ರಾಯಬಾಗದಲ್ಲಿ ಕೊಂಡ ಪ್ಯಾಕೆಟ್ಟಿನಲ್ಲೂ ಅದೇ ಗೆರೆ. ಎರಡು ಬಾಳೆಹಣ್ಣು ತಿಂದು ಅಥಣಿಯ ಬಸ್ಸು ಹತ್ತಿದೆ. ಕೃಷ್ಣೆಯ ಸೇತುವೆ ದಾಟುವಾಗ ಕಿಟಕಿಯಿಂದ ತಣ್ಣನೆಯ ಗಾಳಿ ಬಂತು. ರವಿವಾರದ ಸಂಜೆಗಳಲ್ಲಿ ಹಾಸ್ಟೆಲಿನ ಗೇಟಿಗೆ ನನ್ನನ್ನು ಬಿಟ್ಟು, ತಿರುತಿರುಗಿ ನೋಡುತ್ತ ಹೋಗುತ್ತಿದ್ದ ರುಬೀನಾಳ ನೆನಪಾಯಿತು. ಬೆರೆಸಿದವರು ಯಾರು ಎಂಬುದೊಂದೇ ಪ್ರಶ್ನೆ ಉಳಿದಿತ್ತು. ಮಟನ್ ತುಟ್ಟಿಯಾಗಿದೆ. ಅವಳೇ ಬೆರೆಸಿದ್ದರೆ? ಇಷ್ಟು ವರ್ಷ ಕಂಡುಹಿಡಿಯುವ ಕೆಲಸವನ್ನೇ ಮಾಡಿದವಳು, ಆ ಹೊತ್ತು ಮಾತ್ರ ಅವಳ ತಪ್ಪೇನೂ ಸಿಗದಿರಲಿ ಎಂದು ಬೇಡಿಕೊಂಡೆ.

ರುಬೀನಾ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಮನೆಗೆ ಹೋದವಳೇ ಚಹಾಕ್ಕೂ ಮೊದಲು, "ನೀ ಹಾಕೂ ಕೀಮಾ ತೋರಸು," ಎಂದೆ. ಅವಳು ಒಂದು ಮಾತೂ ಕೇಳದೆ ಫ್ರಿಜ್ಜಿನಿಂದ ಪೊಟ್ಟಣ ತೆಗೆದಿಟ್ಟಳು. ಅಂಚಿನ ಅಂಟು ಹಾಗೇ ಇತ್ತು, ಇನ್ನೂ ಬಿಚ್ಚಿರಲಿಲ್ಲ. ಅಮ್ಮಿ ಹೋದ ಮೇಲೆ ಒಬ್ಬಳಿಗೇ ಕಡಿದು ಅರೆಯಲಾಗದೆ, ಒಬ್ಬ ವ್ಯಾಪಾರಿಯಿಂದ ಅರೆದ ಕೀಮಾ ತರಿಸಲು ಶುರುಮಾಡಿದ್ದಳಂತೆ.

ಅವಳ ಕೈಯಲ್ಲೇ ಪೊಟ್ಟಣ ಬಿಚ್ಚಿಸಿದೆ, ಅವಳ ಕೈಯಲ್ಲೇ ಹನಿ ಹಾಕಿಸಿದೆ. ಇಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ಕಾದೆವು. ಎರಡನೆಯ ಗೆರೆ ಬಂತು.

"ಏನಿದು?"

"ಕೋಳಿ ಬೆರಸ್ಯಾನ. ನಿಪ್ಪಾಣಿ, ರಾಯಬಾಗದಿಂದ ತಂದಿದ್ರಾಗೂ ಐತಿ."

ಅವಳು ನನ್ನನ್ನೇ ದಿಟ್ಟಿಸಿದಳು. "ಅಲ್ಲೆಲ್ಲಾ ನೋಡಕೋತ ಬಂದಿ? ನಾನ ಬೆರಸೇನಿ ಅಂತ ಅನ್ಕೊಂಡ್ಯಾ?"

"ಅಂಜಿದ್ದೆ," ಎಂದೆ.

ರುಬೀನಾ ಗೋಡೆಗೆ ತಲೆಯಿಟ್ಟು ನಿಂತಳು. ಬೈಯುತ್ತಾಳೆ ಎಂದುಕೊಂಡೆ. "ಒಂದ್ ವರ್ಷ ಆತು ಪದ್ಮಾ, ನನ್ನ ಕೈನ ಸರಿ ಇಲ್ಲ ಅಂತ ಅಳಾಕತ್ತೀನಿ. ಇದಕ್ಕ?" ಎಂದಳು. ಆಮೇಲೆ ಆ ವ್ಯಾಪಾರಿಗೆ ಫೋನ್ ಹಚ್ಚಿ, ನಾನು ಕೇಳಿರದ ಬೈಗುಳಗಳನ್ನು ಬೈದು, ಇನ್ನು ಮುಂದೆ ಮಾಲು ಬೇಡ ಎಂದಳು. ಪ್ರಯೋಗಾಲಯಕ್ಕೆಂದು ನಾನು ಪೊಟ್ಟಣದ ಅರ್ಧವನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ತುಂಬಿಕೊಂಡೆ.

ಮರುದಿನ ಬೆಳಿಗ್ಗೆ ಕಸಾಯಿ ಅಂಗಡಿಗೆ ಹೋಗಿ, ಎದುರಿಗೇ ಕಡಿಸಿ ಆಡಿನ ತೊಡೆ ತಂದಳು. ಮನೆಯಲ್ಲೇ ಅರೆದಳು. ನನಗೆ ಬೇರೆ ಒಲೆಯಲ್ಲಿ ಬಾಳೆಕಾಯಿಯ ಕಬಾಬ್ ಮಾಡಿದಳು. ಆಡಿನ ಕೀಮಾದ ಹನಿಯನ್ನೂ ಪಟ್ಟಿಗೆ ಬಿಟ್ಟೆ. ಒಂದೇ ಗೆರೆ. ಇಬ್ಬರೂ ಎದುರುಬದುರು ಕೂತು ಉಂಡೆವು.

ಅವಳು ಎರಡು ಸಲ ಜಗಿದು ನಿಲ್ಲಿಸಿದಳು. "ಮಟನ್ ಖರೇ ಐತಿ. ಭಾಳ ಛಲೋ ಆಗೇತಿ. ಆದ್ರ ಅಮ್ಮೀದಲ್ಲ."

ಮಾಂಸದ ಬಗ್ಗೆ ನಾನು ಏನೂ ಹೇಳುವಂತಿರಲಿಲ್ಲ. ಆದರೆ ಅಮ್ಮಿಯ ಬಾಳೆಕಾಯಿ ಕಬಾಬಿನ ರುಚಿ ನನಗೂ ಗೊತ್ತಿತ್ತು. "ಇದೂ ಅಲ್ಲಬೇ," ಎಂದೆ. ಅವಳು ತಲೆಯಾಡಿಸಿದಳು. ಇಬ್ಬರೂ ತಾಟಿನಲ್ಲಿದ್ದದ್ದನ್ನು ಪೂರ್ತಿ ಉಂಡೆವು.

ನಾನು ಮೀರಜದಿಂದ ರೈಲು ಹಿಡಿಯಬೇಕಿತ್ತು. ರುಬೀನಾ ಕಾಗವಾಡದವರೆಗೆ ಬರುತ್ತೇನೆಂದು ಹಟ ಹಿಡಿದಳು. ಅಲ್ಲಿನ ಅಂಗಡಿಯಿಂದಲೂ ಪ್ಯಾಕೆಟ್ ವಾಪಸು ತರಬೇಕು ಎಂಬ ನೆಪ. ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು, ಬರಬರುತ್ತ ಇಬ್ಬರೂ ತೂಕಡಿಸಿದೆವು.

ಕಾಗವಾಡದಲ್ಲಿ ಅವಳು ಇಳಿದಳು. ಗಡಿಯಾಚೆಗೆ ನನ್ನ ಪುಕ್ಕಟೆ ಟಿಕೆಟ್ ನಡೆಯುವುದಿಲ್ಲವೆಂದು ಕಂಡಕ್ಟರ್ ರೊಕ್ಕ ಕೇಳುತ್ತಿದ್ದ. ರುಬೀನಾ ಕಿಟಕಿಯ ಕೆಳಗೆ ಬಂದು ನಿಂತಳು. "ಮುಂದಿನ ಸಲ ಏನೂ ತಪಾಸಣಿ ಮಾಡಬ್ಯಾಡ. ಸುಮ್ಮನ ಬಾ," ಎಂದಳು.

ಬಸ್ಸು ಹೊರಟಿತು. ತಿರುಗಿ ನೋಡಿದೆ. ಅವಳು ಆಗಲೇ ಫೋನ್ ಕಿವಿಗಿಟ್ಟು ಯಾರಿಗೋ ಮರಾಠಿಯಲ್ಲಿ, ಮಾಲು ವಾಪಸು ಕೊಡಿ, ಹೊಸದು ಕೊಡುತ್ತೇನೆ, ಎದುರಿಗೇ ಕಡಿಸಿದ್ದು ಎಂದು ಜೋರಾಗಿ ಹೇಳುತ್ತಿದ್ದಳು. ನನ್ನತ್ತ ಎತ್ತಿದ ಕೈಯನ್ನು, ತಿರುವಿನಲ್ಲಿ ಕಬ್ಬಿನ ಗಾಡಿ ಅಡ್ಡ ಬರುವವರೆಗೂ, ಇಳಿಸಲೇ ಇಲ್ಲ.